ಗಾಳಿ ನಿಂತಾಗ ಪದ್ಯ ಏನು ಮಾಡುತ್ತದೆ?

(ಕಾಸರಗೋಡು ತಾಲೂಕಿನ ಒಂದು ಗ್ರಂಥಾಲಯದ ಓದುಗರ ಕೂಟದಲ್ಲಿ ಆಡಿದ ಮಾತು. ಧ್ವನಿಮುದ್ರಣ ಕೇಳಿ ಬರೆದುಕೊಂಡದ್ದು.)

ಮೊದಲು ಎಲ್ಲರೂ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ. ನಾನು ನಾಲ್ಕು ಸಾಲು ಹೇಳುತ್ತೇನೆ. ಅರ್ಥ ಆಮೇಲೆ ನೋಡೋಣ. ಒತ್ತು ಬಿದ್ದ ಕಡೆ ಒಂದು ಪೆಟ್ಟು ಹಾಕಿ, ಅಷ್ಟೇ ಕೆಲಸ.

ದ ಫೇರ್ ಬ್ರೀಝ್ ಬ್ಲೂ, ದ ವೈಟ್ ಫೋಮ್ ಫ್ಲೂ,
ದ ಫರೋ ಫಾಲೋಡ್ ಫ್ರೀ;
ವಿ ವರ್ ದ ಫರ್ಸ್ಟ್ ದ್ಯಾಟ್ ಎವರ್ ಬರ್ಸ್ಟ್
ಇಂಟು ದ್ಯಾಟ್ ಸೈಲೆಂಟ್ ಸೀ.

ಮೊದಲ ಸಾಲಿಗೆ ನಾಲ್ಕು ಪೆಟ್ಟು ಬಿತ್ತು. ಫೇರ್, ಬ್ಲೂ, ವೈಟ್, ಫ್ಲೂ. ಎರಡನೆಯದಕ್ಕೆ ಮೂರೇ. ಆ ಮೂರು ಮುಗಿದ ಮೇಲೆ ನಿಮ್ಮಲ್ಲಿ ಎಷ್ಟೋ ಜನರ ಕೈ ತಾನಾಗಿ ಮೇಲೆದ್ದು ಒಂದು ಕ್ಷಣ ನಿಂತಿತು. ಇಲ್ಲಿಂದ ನನಗೆ ಕಾಣುತ್ತಿತ್ತು. ಯಾರೂ ಹೇಳಿಕೊಟ್ಟಿಲ್ಲ, ಆದರೂ ನಿಂತಿತು. ಸಂಗೀತ ಕಲಿತವರು ಇದಕ್ಕೆ ಹುಸಿ ಅನ್ನುತ್ತಾರೆ. ಪೆಟ್ಟು ಇದೆ, ಸದ್ದು ಇಲ್ಲ. ಇಂಗ್ಲಿಷಿನ ಹಳೆಯ ಲಾವಣಿಗಳ ಕಟ್ಟು ಇಷ್ಟೇ: ನಾಲ್ಕು, ಮೂರು, ನಾಲ್ಕು, ಮೂರು. ಆ ಮೂರರ ಬೆನ್ನಿಗೆ ಯಾವಾಗಲೂ ಒಂದು ಹುಸಿ. ನಮ್ಮದು ಮಾತ್ರೆ ಎಣಿಸುವ ಛಂದಸ್ಸು, ಅವರದು ಒತ್ತು ಎಣಿಸುವ ಛಂದಸ್ಸು. ಹಾಗಿದ್ದರೂ ತಾಳಮದ್ದಳೆ ಕೇಳಿ ಬೆಳೆದ ಕಿವಿಗೆ ಇದು ಪರಕೀಯ ಅನ್ನಿಸುವುದಿಲ್ಲ.

ಈ ಸಾಲುಗಳು ಕೋಲ್‌ರಿಜ್ ಎಂಬ ಇಂಗ್ಲಿಷ್ ಕವಿಯವು. ಮುದಿ ನಾವಿಕನೊಬ್ಬನ ಕತೆ ಹೇಳುವ ನೀಳ್ಗವನ, ಏಳು ಭಾಗ, ಮೊದಲು ಅಚ್ಚಾದದ್ದು 1798ರಲ್ಲಿ. ಕತೆ ಹೀಗೆ. ಮೂವರು ಮದುವೆ ಮನೆಗೆ ಹೊರಟಿದ್ದಾರೆ. ಒಬ್ಬ ಮುದುಕ ಅಡ್ಡ ಬಂದು ಅವರಲ್ಲಿ ಒಬ್ಬನನ್ನು ನಿಲ್ಲಿಸುತ್ತಾನೆ. ತನ್ನ ಕತೆ ಶುರು ಮಾಡುತ್ತಾನೆ. ಹಡಗು ದಕ್ಷಿಣಕ್ಕೆ ಹೋಯಿತು, ಮಂಜುಗಡ್ಡೆಯ ನಡುವೆ ಸಿಕ್ಕಿಕೊಂಡಿತು. ಆಲ್ಬಟ್ರಾಸ್ ಎಂಬ ದೊಡ್ಡ ಕಡಲ ಹಕ್ಕಿ ಬಂತು, ಹಡಗಿಗೆ ದಾರಿಯಾಯಿತು. ಈ ಮಹಾರಾಯ ಯಾವ ಕಾರಣವೂ ಇಲ್ಲದೆ ಆ ಹಕ್ಕಿಯನ್ನು ಅಡ್ಡಬಿಲ್ಲಿನಲ್ಲಿ ಹೊಡೆದು ಕೊಂದ. ಆಮೇಲೆ ಗಾಳಿ ನಿಂತಿತು, ನೀರು ಮುಗಿಯಿತು, ಇನ್ನೂರು ಜನ ಸತ್ತರು, ಇವನೊಬ್ಬ ಉಳಿದ. ಮದುವೆ ಊಟಕ್ಕೆ ಹೊರಟವನ ಗತಿ ಯೋಚಿಸಿ! ಇವತ್ತು ಕತೆಯ ನೀತಿಯ ಕಡೆ ನಾನು ಹೋಗುವುದಿಲ್ಲ. ಅದನ್ನು ಎಲ್ಲರೂ ಹೇಳುತ್ತಾರೆ. ನನಗೆ ಬೇಕಾದದ್ದು ಒಂದೇ: ಹಡಗು ಓಡುವಾಗ ಸಾಲು ಏನು ಮಾಡುತ್ತದೆ, ಹಡಗು ನಿಂತಾಗ ಸಾಲು ಏನು ಮಾಡುತ್ತದೆ.

ಓಡುವಾಗಿನದ್ದು ಈಗಷ್ಟೇ ಕೇಳಿದಿರಿ. ಒಳ್ಳೆಯ ಗಾಳಿ ಬೀಸಿತು, ಬಿಳಿ ನೊರೆ ಹಾರಿತು, ನೀರಿನ ಗೆರೆ ಹಿಂದೆಯೇ ಬಂತು; ಆ ಮೌನದ ಕಡಲಿಗೆ ನುಗ್ಗಿದವರಲ್ಲಿ ನಾವೇ ಮೊದಲಿಗರು. ಫೇರ್, ಫೋಮ್, ಫ್ಲೂ, ಫರೋ, ಫಾಲೋಡ್, ಫ್ರೀ, ಫರ್ಸ್ಟ್. ಮೂರು ಸಾಲಿನೊಳಗೆ ಏಳು ಫಕಾರ. ಹಲ್ಲು ತುಟಿಯ ನಡುವೆ ಗಾಳಿ ಬಿಡದೆ ಈ ಅಕ್ಷರ ಹೇಳೋಕೆ ಆಗಲ್ಲ. ಪದ್ಯ ಓದುವವನೇ ಹಾಯಿಗೆ ಗಾಳಿ ಊದಬೇಕು, ಹಾಗೆ ಬರೆದಿದ್ದಾನೆ. ಅದರ ಮೇಲೆ ಸಾಲಿನ ಒಳಗೇ ಪ್ರಾಸ: ಬ್ಲೂ–ಫ್ಲೂ, ಫರ್ಸ್ಟ್–ಬರ್ಸ್ಟ್. ಸಾಲು ಮುಗಿಯುವ ತನಕ ಕಾಯುವಷ್ಟು ಪುರಸೊತ್ತು ಆ ಪ್ರಾಸಕ್ಕಿಲ್ಲ. ಅರ್ಧ ದಾರಿಯಲ್ಲೇ ಒಮ್ಮೆ ಬಡಿದು ಮುಂದೆ ಹೋಗುತ್ತದೆ. ಅಲೆಯ ಮೇಲೆ ದೋಣಿಯ ಮೂತಿ ಬಡಿಯುವುದನ್ನು ಕೇಳಿದವರಿಗೆ ಈ ಸದ್ದು ಗೊತ್ತು.

ಇಲ್ಲೊಂದು ಸ್ವಾರಸ್ಯ ಇದೆ, ಬಿಡೋಕೆ ಮನಸ್ಸಿಲ್ಲ. ಇದನ್ನು ಬರೆಯುವಾಗ ಕೋಲ್‌ರಿಜ್ ಸಮುದ್ರಯಾನ ಮಾಡಿದವನಲ್ಲ. ದಡದ ಮನುಷ್ಯ. ‘ದ ಫರೋ ಫಾಲೋಡ್ ಫ್ರೀ’ ಅಂದರೆ ನೇಗಿಲು ಹೊಡೆದ ಸಾಲಿನ ಹಾಗೆ ನೀರಿನ ಗೆರೆ ಹಡಗನ್ನು ಹಿಂಬಾಲಿಸಿತು ಎಂದು. ಆಮೇಲೆ ಅವನೇ ಹಡಗು ಹತ್ತಿದ. ಜರ್ಮನಿಗೆ ಹೋದ, 1804ರಲ್ಲಿ ಮಾಲ್ಟಾಕ್ಕೆ ಹೋದ. ಹಡಗಿನ ಹಿಂಬದಿ ನಿಂತು ನೋಡಿದರೆ ಆ ಗೆರೆ ಹಿಂಬಾಲಿಸುತ್ತಲೇ ಇಲ್ಲ! ತೋಡಿನ ನೀರಿನ ಹಾಗೆ ಹಿಂದಕ್ಕೆ ಹರಿದು ಹೋಗುತ್ತಿದೆ. ಹಿಂಬಾಲಿಸಿದಂತೆ ಕಾಣುವುದು ದಡದಲ್ಲಿ ನಿಂತವನಿಗೆ, ಇಲ್ಲವೇ ಬೇರೆ ಹಡಗಿನಿಂದ ನೋಡುವವನಿಗೆ. ನೀವೂ ಬೇಕಲದ ಕೋಟೆಯ ಮೇಲೆ ನಿಂತು ದೋಣಿ ನೋಡಿ, ಹಿಂಬಾಲಿಸುತ್ತದೆ. ದೋಣಿಯೊಳಗೆ ಕೂತು ನೋಡಿ, ಓಡಿ ಹೋಗುತ್ತದೆ.

ಹಾಗಾಗಿ 1817ರ ಮುದ್ರಣದಲ್ಲಿ ಆ ಸಾಲು ತಿದ್ದಿದ. ‘ದ ಫರೋ ಸ್ಟ್ರೀಮ್ಡ್ ಆಫ್ ಫ್ರೀ’ ಎಂದು ಬರೆದು, ಯಾಕೆ ತಿದ್ದಿದೆ ಅಂತ ಅಡಿಟಿಪ್ಪಣಿಯನ್ನೂ ಹಾಕಿದ. ಪ್ರಾಮಾಣಿಕ ಮನುಷ್ಯ. ಈಗ ನೀವು ಎರಡನ್ನೂ ಜೋರಾಗಿ ಹೇಳಿ ನೋಡಿ. ಫರೋ ಫಾಲೋಡ್ ಫ್ರೀ. ಫರೋ ಸ್ಟ್ರೀಮ್ಡ್ ಆಫ್ ಫ್ರೀ. ಎರಡನೆಯದರಲ್ಲಿ ನಾಲಗೆ ಅಳಿವೆಯ ಮರಳುದಿಬ್ಬಕ್ಕೆ ತಾಗಿದ ದೋಣಿಯ ಹಾಗೆ ಗಕ್ಕನೆ ನಿಲ್ಲುತ್ತದೆ, ಅಲ್ವಾ? ‘ಮ್ಡ್’ ಆದ ಮೇಲೆ ಬಾಯಿ ಹೊಸದಾಗಿ ತೆರೆಯಬೇಕು. ಕಣ್ಣಿಗೆ ಅದು ಸರಿ, ಕಿವಿಗೆ ತಪ್ಪು. ಕೆಲವು ವರ್ಷ ಕಳೆದು ಅವನು ಹಳೆಯ ಸಾಲನ್ನೇ ವಾಪಸು ತಂದ. ಇಷ್ಟು ದಿನ ನಾವು ಓದುತ್ತಿರುವುದು ಆ ಹಳೆಯ, ‘ತಪ್ಪು’ ಸಾಲನ್ನು. ನನ್ನ ಕೇಳಿದರೆ ಅವನು ಮಾಡಿದ್ದೇ ಸರಿ. ಮುಂದೆ ಪ್ರಾಸದ ಮಾತು ಬರುವಾಗ ಈ ಸಂಗತಿ ಒಮ್ಮೆ ನೆನಪು ಮಾಡಿಕೊಳ್ಳಿ.

ಈಗ ಗಾಳಿ ನಿಲ್ಲಿಸೋಣ.

ಡೇ ಆಫ್ಟರ್ ಡೇ, ಡೇ ಆಫ್ಟರ್ ಡೇ,
ವಿ ಸ್ಟಕ್, ನಾರ್ ಬ್ರೆತ್ ನಾರ್ ಮೋಶನ್;
ಆ್ಯಸ್ ಐಡ್ಲ್ ಆ್ಯಸ್ ಎ ಪೇಂಟೆಡ್ ಶಿಪ್
ಅಪಾನ್ ಎ ಪೇಂಟೆಡ್ ಓಶನ್.

ದಿನವೂ ಅದೇ ದಿನ. ಉಸಿರಿಲ್ಲ, ಚಲನೆಯಿಲ್ಲ. ಬಿಡಿಸಿದ ಕಡಲಿನ ಮೇಲೆ ಬಿಡಿಸಿದ ಹಡಗಿನ ಹಾಗೆ ನಿಂತುಬಿಟ್ಟೆವು.

ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡಿದವಳು. ಒಮ್ಮೆ ಒಂಬತ್ತನೇ ತರಗತಿಗೆ ಈ ಚರಣ ಓದಿ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ಕಡಪ್ಪುರದ ಹುಡುಗ, ಮನೆಯಲ್ಲಿ ಮೀನಿನ ಕೆಲಸ. “ಟೀಚರೇ, ಅವರ ಹಡಗಿನಲ್ಲಿ ಹುಟ್ಟು ಇರ್ಲಿಲ್ವಾ?” ಅಂದ. ತರಗತಿಯೆಲ್ಲ ನಕ್ಕಿತು. ನನಗೂ ನಗು ಬಂತು. ಆದರೆ ಪ್ರಶ್ನೆ ಸರಿಯಾಗೇ ಇತ್ತು. ಸಣ್ಣ ದೋಣಿಯವನಿಗೆ ಗಾಳಿ ನಿಂತರೆ ಹುಟ್ಟು ಹಾಕಿದರಾಯಿತು. ಇನ್ನೂರು ಜನ ಹೊರುವ ಹಾಯಿಹಡಗಿಗೆ ಆ ದಾರಿ ಇಲ್ಲ. ಗಾಳಿಯೇ ಅದರ ಅನ್ನ. ಅವನಿಗೆ ಹಾಗೆ ವಿವರಿಸಿದೆ. ಆಮೇಲೆ ಸಂಜೆ ಮನೆಗೆ ಹೋಗಿ ಚರಣವನ್ನು ಮತ್ತೆ ಓದುವಾಗ ಒಂದು ಹೊಳೆಯಿತು: ಈ ಪದ್ಯದ ಸಾಲಿಗೂ ಹುಟ್ಟು ಇಲ್ಲ!

ಹೇಗೆ ಅಂತ ನೋಡಿ. ‘ಡೇ ಆಫ್ಟರ್ ಡೇ’ ಎಂದು ಒಮ್ಮೆ ಹೇಳಿದರೆ ಅರ್ಥ ಮುಗಿಯಿತು. ನಾಲ್ಕು ಪೆಟ್ಟಿನ ಸಾಲಿನಲ್ಲಿ ಎರಡು ಪೆಟ್ಟು ಆಯಿತು. ಉಳಿದ ಎರಡರಲ್ಲಿ ಏನಾದರೂ ಆಗಬೇಕಿತ್ತು. ಯಾರಾದರೂ ಏನಾದರೂ ಮಾಡಬೇಕಿತ್ತು. ಏನೂ ಆಗುವುದಿಲ್ಲ, ಅದೇ ಮಾತು ಬಂದು ಕೂರುತ್ತದೆ. ಇಡೀ ಸಾಲಿನಲ್ಲಿ ಕ್ರಿಯಾಪದವೇ ಇಲ್ಲ. ಎರಡನೇ ಸಾಲಿನಲ್ಲಿ ಕ್ರಿಯಾಪದ ಬಂತು, ಅದೂ ‘ಸ್ಟಕ್’. ಕಕಾರಕ್ಕೆ ಬಾಯಿ ಕಟ್ಟಿ ನಿಲ್ಲುತ್ತದೆ. ಆಮೇಲೆ ಪ್ರಾಸ ನೋಡಿ: ಮೋಶನ್–ಓಶನ್. ಮೊದಲಿನ ಚರಣದಲ್ಲಿ ಫ್ರೀ–ಸೀ ಎಂದು ಪೆಟ್ಟಿನ ಮೇಲೇ ಸಾಲು ಮುಗಿಯುತ್ತಿತ್ತು. ಇಲ್ಲಿ ಪೆಟ್ಟು ಬಿದ್ದ ಮೇಲೆ ಇನ್ನೊಂದು ಸೊರಗಿದ ಅಕ್ಷರ ‘ಶನ್’ ಜೋತು ಬೀಳುತ್ತದೆ, ಗಾಳಿ ಇಳಿದ ಹಾಯಿಯ ಹಾಗೆ. ಇನ್ನೂ ಒಂದಿದೆ. ಮೋಶನ್ ಅಂದರೆ ಚಲನೆ. ಅದರ ಮುಂದಿನ ಮಕಾರ ತೆಗೆದುಬಿಡಿ. ಉಳಿಯುವುದು ಓಶನ್, ಬರೀ ಸಮುದ್ರ. ಕವಿ ಇದನ್ನು ಲೆಕ್ಕ ಹಾಕಿ ಬರೆದನೋ, ತಾನಾಗಿ ಬಂತೋ, ನನಗೆ ಅದು ಮುಖ್ಯ ಅಲ್ಲ. ಕಿವಿಯಲ್ಲಿ ಹಾಗಾಗುತ್ತದೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ನಮ್ಮ ಕಡೆ ಕೈರಂಪಣಿ ಎಳೆಯುವುದನ್ನು ನೋಡಿದವರು ಎಷ್ಟು ಜನ ಇದ್ದೀರಿ? ಸುಮಾರು ಜನ ಇದ್ದೀರಿ. ನೋಡದವರಿಗೆ ಹೇಳುತ್ತೇನೆ. ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಲೆ ಹಾಕಿ ಬರುತ್ತಾರೆ. ಬಲೆಯ ಎರಡು ತುದಿಯ ಹಗ್ಗ ದಡದಲ್ಲಿ ಇರುತ್ತದೆ. ಎರಡು ಸಾಲು ಜನ ನಿಂತು ಹಿಂದೆ ಹಿಂದೆ ನಡೆಯುತ್ತಾ ಎಳೆಯಬೇಕು. ಒಬ್ಬೊಬ್ಬ ಒಂದೊಂದು ಹೊತ್ತಿಗೆ ಎಳೆದರೆ ಬಲೆ ಬರುವುದಿಲ್ಲ, ಕೈ ಸುಲಿಯುತ್ತದೆ. ಅದಕ್ಕೇ ಐಲೇಸಾ. ಒಬ್ಬ ಏನಾದರೂ ಕೂಗುತ್ತಾನೆ, ಉಳಿದವರು “ಐಲೇಸಾ” ಅನ್ನುತ್ತಾರೆ. ‘ಸಾ’ಗೆ ಎಳೆತ. ಆಮೇಲೆ ಒಂದು ಕ್ಷಣ ಸುಮ್ನೆ. ಆ ಕ್ಷಣದಲ್ಲಿ ಕೈ ಮುಂದಕ್ಕೆ ಹೋಗಿ ಹಗ್ಗದ ಹೊಸ ಜಾಗ ಹಿಡಿಯುತ್ತದೆ. ನಾವು ಈಗ ತೊಡೆಯ ಮೇಲೆ ಹಾಕಿದೆವಲ್ಲ, ಅದೇ ಹುಸಿ. ಯುರೋಪಿನ ಹಾಯಿಹಡಗುಗಳಲ್ಲೂ ಇದೇ ರೀತಿಯ ಹಾಡು ಇದ್ದವು, ಶಾಂಟಿ ಎಂದು ಕರೆಯುತ್ತಾರೆ. ಒಬ್ಬ ಸಾಲು ಹೇಳುವುದು, ಉಳಿದವರು ಪಲ್ಲವಿಗೆ ಸೇರಿ ಹಾಯಿಯ ಹಗ್ಗ ಎಳೆಯುವುದು. ಮಾತು ಬೇರೆ, ಕೈ ಒಂದೇ.

ಐಲೇಸಾ ಎಷ್ಟು ಸಲ ಹೇಳಿದರೂ ಬೇಸರ ಬರುವುದಿಲ್ಲ. ಯಾಕೆ? ಪ್ರತಿ ಸಲ ಬಲೆ ಒಂದು ಮೊಳ ಹತ್ತಿರ ಬಂದಿರುತ್ತದೆ. ಮಾತು ಅದೇ, ಜಗತ್ತು ಬದಲಾಗಿದೆ. ‘ಡೇ ಆಫ್ಟರ್ ಡೇ’ಯಲ್ಲಿ ಮಾತೂ ಅದೇ, ಜಗತ್ತೂ ಅದೇ. ಕೈ ಬದಲಿಸುವ ಸಂದೂ ಅಲ್ಲಿಲ್ಲ, ನಾಲ್ಕೂ ಪೆಟ್ಟು ಭರ್ತಿ. ನನ್ನ ಇವತ್ತಿನ ಮಾತಿನ ತಿರುಳು ಇಷ್ಟೇ. ಪದ್ಯದಲ್ಲಿ ಒಂದೇ ಮಾತು ಮತ್ತೆ ಬಂದರೆ ‘ಒತ್ತು ಕೊಡುವುದಕ್ಕಾಗಿ ಬಂದಿದೆ’ ಎಂದು ಗೈಡಿನಲ್ಲಿ ಬರೆದಿರುತ್ತದೆ. ಹಾಗೆ ಬರೆದು ಮುಂದೆ ಹೋಗಬೇಡಿ. ಆ ಎರಡು ಸಲದ ನಡುವೆ ಏನಾದರೂ ಕದಲಿತಾ ಅಂತ ನೋಡಿ.

ನನಗೆ ಈ ವಿಷಯದಲ್ಲಿ ಹಳೆಯ ಸಿಟ್ಟೊಂದಿದೆ, ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಇರುವಾಗ ಮಳೆಗಾಲದ ಬಗ್ಗೆ ಒಂದು ಪ್ರಬಂಧ ಬರೆದಿದ್ದೆ. “ಮಳೆ ಬಂತು, ಮಳೆ ಬಂತು, ಮತ್ತೂ ಮಳೆ ಬಂತು” ಎಂದು ಶುರು ಮಾಡಿದ್ದೆ. ಅದಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ‘ಪುನರುಕ್ತಿ ದೋಷ’ ಎಂದು ಬರೆದು ಎರಡು ಅಂಕ ಕಳೆದರು. ಜುಲೈ ತಿಂಗಳಲ್ಲಿ ಕಾಸರಗೋಡಿನಲ್ಲಿ ಇದ್ದವರು ಯಾರಾದರೂ ಅದನ್ನು ದೋಷ ಅನ್ನುತ್ತಾರಾ? ನಮ್ಮ ವ್ಯಾಕರಣದಲ್ಲೇ ನೋಡಿ, ಪುನರುಕ್ತಿ ತಪ್ಪು, ದ್ವಿರುಕ್ತಿ ಸರಿ. ಬೇಗ ಬೇಗ, ಮೆಲ್ಲ ಮೆಲ್ಲ, ದೂರ ದೂರ, ಬಿಸಿ ಬಿಸಿ. ಕನ್ನಡದವರು ದಿನಕ್ಕೆ ನೂರು ಸಲ ಜೋಡಿಸಿ ಮಾತಾಡುತ್ತೇವೆ. ಅದೇ ನಮಗೆ ಅನುವಾದದಲ್ಲಿ ತೊಂದರೆ ಕೊಡುತ್ತದೆ. ‘ದಿನಾ ದಿನಾ’ ಅಂದರೆ ನಮ್ಮ ಕಿವಿಗೆ ಏನೂ ತಟ್ಟುವುದಿಲ್ಲ, ಅದು ಮಾಮೂಲು ಮಾತು. ಹಾಗೆಂದು ‘ದಿನಗಟ್ಟಲೆ’ ಅಂದರೆ ಕೆಟ್ಟಿತು. ಅರ್ಥ ಪೂರ್ತಿ ಬಂತು, ದಿನಗಳೆಲ್ಲ ಒಂದೇ ಶಬ್ದದಲ್ಲಿ ಮುಗಿದುಹೋದವು.

ಇನ್ನು ಎಲ್ಲರಿಗೂ ಗೊತ್ತಿರುವ ಚರಣಕ್ಕೆ ಬರುತ್ತೇನೆ.

ವಾಟರ್, ವಾಟರ್, ಎವ್ರಿವೇರ್,
ಆ್ಯಂಡ್ ಆಲ್ ದ ಬೋರ್ಡ್ಸ್ ಡಿಡ್ ಶ್ರಿಂಕ್;
ವಾಟರ್, ವಾಟರ್, ಎವ್ರಿವೇರ್,
ನಾರ್ ಎನಿ ಡ್ರಾಪ್ ಟು ಡ್ರಿಂಕ್.

ಜನ ಇದನ್ನು ಹೇಳುವಾಗ ಎರಡನೇ ಸಾಲು ಬಿಟ್ಟುಬಿಡುತ್ತಾರೆ. ಕೊನೆಯ ಸಾಲನ್ನು ‘ನಾಟ್ ಎ ಡ್ರಾಪ್’ ಎಂದು ತಿದ್ದಿಕೊಂಡಿರುತ್ತಾರೆ. ಸುತ್ತ ನೀರು, ಕುಡಿಯೋಕೆ ತೊಟ್ಟಿಲ್ಲ. ಬೇಸಗೆಯಲ್ಲಿ ಹೊಳೆಗೆ ಉಪ್ಪು ಏರಿ ನಲ್ಲಿಯಲ್ಲಿ ಉಪ್ಪುನೀರು ಬಂದ ವರ್ಷಗಳನ್ನು ಕಂಡ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಚರಣದ ಜೀವ ಇರುವುದು ಆ ಬಿಟ್ಟುಹೋಗುವ ಎರಡನೇ ಸಾಲಿನಲ್ಲಿ. ಹಡಗಿನ ಹಲಗೆಗಳೆಲ್ಲ ಮುರುಟಿದವು. ಸುತ್ತ ನೀರಿದ್ದರೆ ಮರ ಉಬ್ಬಬೇಕಲ್ವಾ, ಮುರುಟುವುದು ಹೇಗೆ? ನನಗೆ ಇದು ತಿಳಿದಿರಲಿಲ್ಲ. ಹುಟ್ಟಿನ ಪ್ರಶ್ನೆ ಕೇಳಿದ ಆ ಹುಡುಗನೇ ಹೇಳಿಕೊಟ್ಟ. “ಕೆಳಗೆ ನೀರು ಟೀಚರೇ, ಮೇಲೆ ಬಿಸಿಲು. ಮೇಲಿನ ಹಲಗೆ ಒಣಗ್ತದೆ, ಸಂದು ಬಿಡ್ತದೆ. ನಾವು ಎಣ್ಣೆ ಹಚ್ತೇವೆ.” ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಎಣ್ಣೆ, ಕೈಗೆ ತಾಗಿದರೆ ಸುಡುವಂಥದ್ದು. ಅದನ್ನು ಹಚ್ಚಿದ ಕೈಯ ಕಲೆ ತೋರಿಸಿದ.

ಆಗ ಶ್ರಿಂಕ್–ಡ್ರಿಂಕ್ ಪ್ರಾಸ ನನಗೆ ಬೇರೆಯದೇ ಆಗಿ ಕೇಳಿತು. ಒಂದು ಮರದ ಬಾಯಾರಿಕೆ, ಇನ್ನೊಂದು ಗಂಟಲಿನ ಬಾಯಾರಿಕೆ. ಎರಡಕ್ಕೂ ಸುತ್ತಲಿನ ನೀರು ಉಪಯೋಗವಿಲ್ಲ. ಪ್ರಾಸ ಆ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದೆ. ಒಂದು ಮತ್ತು ಮೂರನೇ ಸಾಲು ಅಕ್ಷರ ಅಕ್ಷರ ಒಂದೇ. ನಡುವೆ ಹಲಗೆ ಮುರುಟಿದ್ದು ಬಿಟ್ಟರೆ ಬೇರೇನೂ ನಡೆದಿಲ್ಲ. ಎರಡನೇ ಸಲ ‘ವಾಟರ್, ವಾಟರ್’ ಅನ್ನುವಾಗ ಗಂಟಲು ಒಣಗಿರುತ್ತದೆ, ಓದಿ ನೋಡಿ.

ಇದನ್ನು ಕನ್ನಡಕ್ಕೆ ತರಬೇಕೆಂದು ಆಸೆ ಆಯಿತು. ಆಗ ತರಗತಿಯಲ್ಲೇ ಬೋರ್ಡಿನ ಮೇಲೆ ಬರೆಯುತ್ತಾ ಮಾಡಿದ್ದು ಇದು:

ನೀರು ನೀರು ಸುತ್ತ ನೀರು
ಹಲಗೆ ಒಣಗಿ ಮುರುಟಿತು
ನೀರು ನೀರು ಸುತ್ತ ನೀರು
ಕುಡಿಯೆ ತೊಟ್ಟು ಎಲ್ಲಿದೆ

ಮೂರು ಮೂರು ಮಾತ್ರೆಯ ನಡೆ. ನೀರು, ನೀರು, ಸುತ್ತ, ನೀರು, ಎಲ್ಲವೂ ಮೂರು ಮಾತ್ರೆ, ನಾಲ್ಕು ಪೆಟ್ಟು. ಎರಡನೇ ಸಾಲು ಹಲಗೆ, ಒಣಗಿ, ಮುರುಟಿ, ಆಮೇಲೆ ‘ತು’ ಒಂದೇ ಮಾತ್ರೆ, ಉಳಿದ ಜಾಗ ಖಾಲಿ. ಅವನ ನಾಲ್ಕು–ಮೂರರ ಕಟ್ಟಿಗೆ ಇದು ಹತ್ತಿರ ಬರುತ್ತದೆ ಎಂದು ನನ್ನ ನಂಬಿಕೆ. ಪ್ರಾಸ ಮಾತ್ರ ಇಲ್ಲ. ಅಷ್ಟು ಹೊತ್ತಿಗೆ ಪಕ್ಕದ ತರಗತಿಯಿಂದ ನಮ್ಮ ಕನ್ನಡ ಪಂಡಿತರು ಇಣುಕಿದರು. “ಟೀಚರೇ, ಎರಡನೇ ಅಕ್ಷರ ಎಲ್ಲಿ ಹೋಯಿತು?” ಅಂದರು.

ಎರಡನೇ ಅಕ್ಷರ ಅಂದರೆ ಆದಿಪ್ರಾಸ. ಇಂಗ್ಲಿಷಿನವರ ಪ್ರಾಸ ಸಾಲಿನ ಬಾಲದಲ್ಲಿ, ನಮ್ಮ ಹಳೆಯ ಪ್ರಾಸ ಸಾಲಿನ ತಲೆಯಲ್ಲಿ. ಪ್ರತಿ ಸಾಲಿನ ಎರಡನೇ ವ್ಯಂಜನ ಒಂದೇ ಇರಬೇಕು. ಕನ್ನಡ ಛಂದಸ್ಸಿನ ಮೊದಲ ದೊಡ್ಡ ಗ್ರಂಥ ಬರೆದ ನಾಗವರ್ಮ ಅದಕ್ಕೆ ಇಟ್ಟ ಹೆಸರು ಛಂದೋಂಬುಧಿ. ಅಂಬುಧಿ ಅಂದರೆ ಸಮುದ್ರ, ನಮ್ಮ ವಿಷಯಕ್ಕೆ ತಕ್ಕ ಹೆಸರು! ಪ್ರಾಸಗಳಿಗೆ ಪ್ರಾಣಿಗಳ ಹೆಸರಿದೆ. ಎರಡನೇ ಅಕ್ಷರದ ಹಿಂದೆ ಹ್ರಸ್ವ ಇದ್ದರೆ ಸಿಂಹಪ್ರಾಸ, ದೀರ್ಘ ಇದ್ದರೆ ಗಜಪ್ರಾಸ, ಹೀಗೆ ಆರು. ನಾನು ಹಲಗೆಯನ್ನು ಸಾಲಿನ ತಲೆಯಿಂದ ಹಿಂದಕ್ಕೆ ಸರಿಸಿ ‘ಮರದ ಹಲಗೆ ಮುರುಟಿತು’ ಅಂದೆ. ‘ನೀರು’ವಿನಲ್ಲಿ ರು ಇದೆ, ‘ಮರ’ದಲ್ಲಿ ರ ಇದೆ, ಸಾಕಲ್ವಾ? ಪಂಡಿತರು ಒಪ್ಪಲಿಲ್ಲ. ನೀ ದೀರ್ಘ, ಮ ಹ್ರಸ್ವ. ಆನೆಯ ಜೊತೆ ಸಿಂಹ ಕಟ್ಟಿದ ಹಾಗಾಯಿತು ಅಂದರು. ಕೊನೆಗೆ ಇಬ್ಬರೂ ಸೇರಿ ಶಾಸ್ತ್ರಕ್ಕೆ ಸರಿಯಾಗಿ ಒಂದು ಮಾಡಿದೆವು:

ನೀರು ನೀರು ಸುತ್ತ ನೀರು
ದೂರ ತೀರ ಕಾಣದು
ನೀರು ನೀರು ಸುತ್ತ ನೀರು
ಆರದೆಮ್ಮ ದಾಹವು

ಕೇಳೋಕೆ ಚೆಂದ ಇದೆ. ಮಾತ್ರೆ ಸರಿ, ಗಜಪ್ರಾಸ ಸರಿ. ಆದರೆ ಹಲಗೆ ಎಲ್ಲಿ? ಪ್ರಾಸಕ್ಕೆ ರಕಾರ ಬೇಕಾಯಿತು, ಹಲಗೆಯನ್ನು ಎತ್ತಿ ಕಡಲಿಗೆ ಎಸೆದೆವು. ತೊಟ್ಟು ನೀರೂ ಹೋಯಿತು, ಅದರ ಜಾಗಕ್ಕೆ ‘ದಾಹ’ ಎಂಬ ದೊಡ್ಡ ಮಾತು ಬಂತು. ಇದನ್ನು ಯಾವ ಪ್ರೇಮಗೀತೆಯಲ್ಲಿ ಬೇಕಾದರೂ ಹಾಕಬಹುದು.

ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಈ ಎರಡನೇ ಅಕ್ಷರದ ಪ್ರಾಸ ಬಿಟ್ಟು ಬರೆದರು ಎಂಬುದನ್ನು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಆ ಕಾಲಕ್ಕೆ ಅದು ಸಣ್ಣ ಸಂಗತಿ ಅಲ್ಲ. ನನಗೆ ಅದರ ಕಾರಣ ಪುಸ್ತಕ ಓದಿ ಗೊತ್ತಿತ್ತು. ನಿಜವಾಗಿ ಅರ್ಥ ಆದದ್ದು ಮಾತ್ರ ಆ ದಿನ, ಬೋರ್ಡಿನ ಮುಂದೆ, ಕೈಯಲ್ಲಿ ಚಾಕ್‌ಪೀಸ್ ಹಿಡಿದುಕೊಂಡು ‘ಹಲಗೆ’ಯನ್ನು ಒರೆಸಿದಾಗ. ಅವರು ಬಿಟ್ಟದ್ದು ಪ್ರಾಸ ಮಾತ್ರ, ಲಯ ಅಲ್ಲ. ಹಳಗನ್ನಡದಲ್ಲಿ ಮುಳುಗಿ ಎದ್ದ ಪಂಡಿತರು ಅವರು, ಪ್ರಾಸ ಗೊತ್ತಿಲ್ಲದೆ ಬಿಟ್ಟವರಲ್ಲ.

ಆದರೆ ಪ್ರಾಸದ ಮೇಲೆ ಇಷ್ಟೆಲ್ಲ ದೂರು ಹೇಳಿ ಸುಮ್ಮನಾದರೆ ಅನ್ಯಾಯ. ಪಂಜೆ ಮಂಗೇಶರಾಯರ ‘ತೆಂಕಣ ಗಾಳಿಯಾಟ’ ನೆನಪು ಮಾಡಿಕೊಳ್ಳಿ. ‘ಬರುತಿದೆ! ಅಹಹಾ! ದೂರದಿ ಬರುತಿದೆ’ ಎಂದು ಶುರು. ನಾಲ್ಕು ನಾಲ್ಕು ಮಾತ್ರೆ, ಒಂದು ಸಾಲಿಗೆ ಹದಿನಾರು. ಮುಂದಿನ ನಾಲ್ಕು ಸಾಲು ಯಾವ ಶಬ್ದದಿಂದ ಹೊರಡುತ್ತವೆ ನೋಡಿ: ಬುಸುಗುಟ್ಟುವ, ಹಸಿವಿನ, ಹೊಸತಿದು, ಉಸುರಿನ. ಎರಡನೇ ಅಕ್ಷರ ಸು, ಸಿ, ಸ, ಸು. ಅಪ್ಪಟ ಆದಿಪ್ರಾಸ, ಶಾಸ್ತ್ರದಲ್ಲಿ ಹೇಳಿದ ಹಾಗೆ. ಅದೇ ಹೊತ್ತಿಗೆ ಗಾಳಿಯ ಸದ್ದೂ ಅದೇ. ಪ್ರತಿ ಸಾಲಿನ ಬಾಗಿಲ ಸಂದಿನಿಂದ ಸ್ ಸ್ ಎಂದು ಗಾಳಿ ನುಗ್ಗುತ್ತದೆ. ಅಲ್ಲಿ ಪ್ರಾಸಕ್ಕಾಗಿ ಏನನ್ನೂ ಕಡಲಿಗೆ ಎಸೆಯಬೇಕಾಗಲಿಲ್ಲ. ಈಗ ಆ ‘ಫರೋ ಫಾಲೋಡ್ ಫ್ರೀ’ ನೆನಪಿಗೆ ಬಂತಲ್ಲ? ಕಣ್ಣು ಬೇಡ ಅಂದದ್ದನ್ನು ಕಿವಿ ಬೇಕು ಅಂದಿತು, ಕವಿ ಕಿವಿಯ ಮಾತು ಕೇಳಿದ. ನಾವು ಮಾತ್ರ ಬೋರ್ಡಿನ ಮುಂದೆ ಕಿವಿಯ ಮಾತೂ ಕೇಳಲಿಲ್ಲ, ಕಣ್ಣಿನದ್ದೂ ಕೇಳಲಿಲ್ಲ. ನಿಯಮದ ಮಾತು ಕೇಳಿದೆವು.

ಹೊತ್ತಾಯಿತು, ಮಂಜುಗಡ್ಡೆಯ ಭಾಗ ಬಿಡುತ್ತೇನೆ. ಅಲ್ಲೂ ‘ದ ಐಸ್ ವಾಸ್ ಹಿಯರ್, ದ ಐಸ್ ವಾಸ್ ದೇರ್’ ಎಂದು ಐಸ್ ಐಸ್ ಎಂದು ಬರುತ್ತದೆ, ಅದನ್ನು ನೀವೇ ತಾಳ ಹಾಕಿ ನೋಡಿ. ಇನ್ನೊಂದು ಚಿಕ್ಕ ಮಾತು. ಕವನದ ಎಲ್ಲ ಚರಣವೂ ನಾಲ್ಕೇ ಸಾಲು ಅಲ್ಲ. ಹೆದರಿಕೆಯ ಜಾಗಗಳಲ್ಲಿ ಐದು ಸಾಲು, ಆರು ಸಾಲು, ಒಂದು ಕಡೆ ಒಂಬತ್ತು ಸಾಲಿನ ತನಕ ಹೋಗುತ್ತದೆ. ಮುಗಿಯಿತು ಎಂದು ಕೈ ಎತ್ತುವಷ್ಟರಲ್ಲಿ ಇನ್ನೊಂದು ಸಾಲು ಬರುತ್ತದೆ. ದಡದ ಅಲೆಗೆ ಬೆನ್ನು ಹಾಕಿ ನಿಂತವರಿಗೆ ಆಗುವ ಹಾಗೆ.

ಎಲ್ಲರೂ ಸತ್ತ ಮೇಲೆ ಬರುವ ಚರಣ ಇದು:

ಅಲೋನ್, ಅಲೋನ್, ಆಲ್, ಆಲ್ ಅಲೋನ್,
ಅಲೋನ್ ಆನ್ ಎ ವೈಡ್ ವೈಡ್ ಸೀ!

ಎರಡು ಸಾಲಿನಲ್ಲಿ ನಾಲ್ಕು ಅಲೋನ್, ಎರಡು ಆಲ್, ಎರಡು ವೈಡ್. ಅವನಿಗೆ ಬೇರೆ ಶಬ್ದಗಳೇ ಉಳಿದಿಲ್ಲ. ಮಾತಾಡಲು ಜನ ಇಲ್ಲದವನಿಗೆ ಶಬ್ದ ಯಾಕೆ ಬೇಕು? ಇದನ್ನು ಕನ್ನಡಕ್ಕೆ ತರುವಾಗ ಮಾತ್ರ ನಮ್ಮ ದ್ವಿರುಕ್ತಿ ಕೈಹಿಡಿಯಿತು. “ಒಬ್ಬನೇ, ಒಬ್ಬನೇ, ಒಬ್ಬನೇ ಒಬ್ಬ.” ಒತ್ತು, ಅರ್ಥ, ಕೊರಳು, ಎಲ್ಲ ಬಂತು. ‘ಬ್ಬ’ದಲ್ಲಿ ತುಟಿ ಮುಚ್ಚಿ ತೆರೆಯುವಾಗ ನುಂಗಿದ ಅಳು ಕೂಡ ಬಂತು. ಇಂಗ್ಲಿಷ್ ಶಬ್ದಕ್ಕಿಂತ ನಮ್ಮದೇ ಜೋರು ಅನ್ನಿಸಿತು. ನನಗೆ ಹೆಮ್ಮೆ, ಕ್ಷಮಿಸಿ.

ಈಗ ಒಂದು ತಪ್ಪೊಪ್ಪಿಗೆ. ಇಷ್ಟು ಹೊತ್ತು ಹಡಗು ಓಡುವಾಗ ಹೊಸ ಹೊಸ ಶಬ್ದ, ಹಡಗು ನಿಂತಾಗ ಅದೇ ಶಬ್ದ ಎಂಬ ಹಾಗೆ ಹೇಳುತ್ತಾ ಬಂದೆ. ಆರನೇ ಭಾಗದಲ್ಲಿ ಒಂದು ಚರಣ ಇದೆ, ಅದು ನನ್ನ ಈ ಮಾತಿಗೆ ಎದುರು ನಿಲ್ಲುತ್ತದೆ. ಹಡಗು ಮತ್ತೆ ಓಡುತ್ತಿದೆ, ಊರು ಹತ್ತಿರ ಬರುತ್ತಿದೆ.

ಸ್ವಿಫ್ಟ್ಲಿ, ಸ್ವಿಫ್ಟ್ಲಿ ಫ್ಲೂ ದ ಶಿಪ್,
ಯೆಟ್ ಶಿ ಸೇಲ್ಡ್ ಸಾಫ್ಟ್ಲಿ ಟೂ:
ಸ್ವೀಟ್ಲಿ, ಸ್ವೀಟ್ಲಿ ಬ್ಲೂ ದ ಬ್ರೀಝ್,
ಆನ್ ಮಿ ಅಲೋನ್ ಇಟ್ ಬ್ಲೂ.

ಬೇಗ ಬೇಗ, ಹಿತವಾಗಿ ಹಿತವಾಗಿ. ‘ವಾಟರ್, ವಾಟರ್’ ಇದ್ದ ಹಾಗೇ ಜೋಡಿ ಶಬ್ದ, ಆದರೆ ಹಡಗು ಓಡುತ್ತಿದೆ. ಅಂದರೆ ಜೋಡಿ ಶಬ್ದ ಬಂದ ಮಾತ್ರಕ್ಕೆ ನಿಂತಿತು ಎಂದಲ್ಲ. ಇಲ್ಲಿ ಅದು ನಮ್ಮ ಬೇಗ ಬೇಗ, ಮೆಲ್ಲ ಮೆಲ್ಲದ ಹಾಗೆ. ಅದರ ಕೆಳಗೆ ಇನ್ನೂ ಹಳೆಯ ಶಬ್ದಗಳು ವಾಪಸು ಬಂದಿವೆ. ನಾವು ಶುರು ಮಾಡಿದ ಚರಣದ ಬ್ರೀಝ್, ಬ್ಲೂ, ಫ್ಲೂ ಮೂರೂ ಇಲ್ಲಿವೆ. ಆಗ ಗಾಳಿ ಬೀಸಿದ್ದು ಇನ್ನೂರು ಜನರ ಹಾಯಿಗೆ. ಈಗ ಬೀಸುವುದು ಒಬ್ಬನಿಗೆ. ಕೊನೆಯ ಸಾಲಿನ ಮೂರು ಪೆಟ್ಟು ಎಲ್ಲಿ ಬೀಳುತ್ತದೆ, ಒಮ್ಮೆ ಕೈ ಇಟ್ಟು ನೋಡಿ. ಮಿ, ಅಲೋನ್, ಬ್ಲೂ. ನಡುವಿನದು ಅಲೋನ್.